ಬರ್ತ್‌ಡೇ ಹೀರೋ ಸಿಕ್ಕ... ಹೀರೋಯಿನ್ ಎಲ್ಲಿ?

ಮಿತ್ರರೇ, ಈ ವಾರ ಗಾಂಧಿನಗರದ ಗುಸುಗುಸು ಇಲ್ಲ. ಯಾವ ಚಿತ್ರದ ಮುಹೂರ್ತ ನಿಂತಿತು, ಯಾವ ನಾಯಕಿ ಯಾರ ಮೇಲೆ ಮುನಿಸಿಕೊಂಡಳು... ಅದೆಲ್ಲ ಹಾಗಿರಲಿ. ಈ ವಾರದ್ದು ನಮ್ಮ ನಿಮ್ಮಂಥ ಅಭಿಮಾನಿಗಳ ಮನೆಯ ಸುದ್ದಿ.

ಯಾಕೆ ಅಂತೀರಾ? ನಿಮ್ಮಲ್ಲಿ ಎಷ್ಟೋ ಜನಕ್ಕೆ ಈಗ ಮದುವೆ ಆಗಿದೆ. ಕೆಲವರಿಗೆ ಮಗುವೂ ಆಗಿದೆ. ಫಸ್ಟ್ ಡೇ ಫಸ್ಟ್ ಶೋನಲ್ಲಿ ಪರದೆಯ ಮುಂದೆ ಪೇಪರ್ ಚೂರು ಎರಚುತ್ತಿದ್ದ ಕೈಗಳು ಈಗ ತೊಟ್ಟಿಲು ತೂಗುತ್ತಿವೆ. ಆದರೆ ಹುಟ್ಟಿದ ಗುಣ ಸುಮ್ಮನೆ ಹೋಗುತ್ತದೆಯೇ? ಕಟೌಟಿಗೆ ಸುರಿಯುತ್ತಿದ್ದ ದುಡ್ಡು ಈಗ ಕೂಸಿನ ಹುಟ್ಟುಹಬ್ಬಕ್ಕೆ ಬಂದು ನಿಂತಿದೆ. ಅದಕ್ಕೆ 'ಥೀಮ್ ಬರ್ತ್‌ಡೇ' ಅಂತ ಹೆಸರು.

ನಾವು ಚಿಕ್ಕವರಿದ್ದಾಗ ಹುಟ್ಟುಹಬ್ಬ ಅಂದರೆ ಬೆಳಿಗ್ಗೆ ಎಣ್ಣೆ ಸ್ನಾನ, ಹೊಸ ಅಂಗಿ, ಒಂದು ಆರತಿ, ಒಂದು ಲೋಟ ಪಾಯಸ. ಸ್ಕೂಲಿನಲ್ಲಿ ಹಂಚಲು ಒಂದು ಪ್ಯಾಕೆಟ್ ಚಾಕೊಲೇಟ್. ಸಂಜೆಗೆ ಮುಗೀತು. ಈಗ ಹಾಗಲ್ಲ ಸ್ವಾಮಿ! ಒಂದು ಕಥೆ ಹಿಡಿದು ಇಡೀ ಹಾಲನ್ನೇ ಅದರ ಸೆಟ್ಟು ಮಾಡಬೇಕು. ಹೆಣ್ಣು ಮಗುವಾದರೆ 'ಫ್ರೋಜನ್' ರಾಜಕುಮಾರಿಯ ಹಿಮದರಮನೆ. ಗಂಡು ಮಗುವಾದರೆ ಛೋಟಾ ಭೀಮ್, ಇಲ್ಲವೇ ಸ್ಪೈಡರ್‌ಮ್ಯಾನ್. ಅಭಿಮಾನಿಯ ಮನೆಯ ಗಂಡು ಮಗುವಾದರೆ ಕೇಳಲೇಬೇಡಿ... ಅಪ್ಪನ ಹೀರೋನೇ ಮಗನ ಥೀಮ್!

ನರಾಚಿ ಗಣಿಯ ಮಂಡ್ಯ ಬ್ರಾಂಚು

ಹೋದ ತಿಂಗಳು ಮಂಡ್ಯದಲ್ಲಿ ಗೆಳೆಯನೊಬ್ಬನ ಮಗನಿಗೆ ಎರಡು ತುಂಬಿತು. ಗೆಳೆಯನದ್ದು ಮೊಬೈಲ್ ರಿಪೇರಿ ಅಂಗಡಿ. ರಾಕಿ ಭಾಯ್ ಅಂದರೆ ಪ್ರಾಣ. 2018ರಲ್ಲಿ 'ಕೆಜಿಎಫ್' ಮೊದಲ ಭಾಗವನ್ನು ಏಳು ಸಲ, 2022ರಲ್ಲಿ ಎರಡನೇ ಭಾಗವನ್ನು ಒಂಬತ್ತು ಸಲ ನೋಡಿದ ಗಿರಾಕಿ. ಥೀಮ್ ಯಾವುದು ಅಂತ ನಾನು ಬೇರೆ ಹೇಳಬೇಕಾಗಿಲ್ಲ.

ಹಾಲಿನ ಬಾಗಿಲಲ್ಲೇ ಥರ್ಮಾಕೋಲಿನ ಚಿನ್ನದ ಗಣಿ. ಒಳಗೆ ಕಪ್ಪು ಬಲೂನು, ಚಿನ್ನದ ಬಣ್ಣದ ಬಲೂನು. ಸ್ಟೇಜಿನ ಹಿಂದೆ ಹನ್ನೆರಡು ಅಡಿ ಫ್ಲೆಕ್ಸು, ಅದರಲ್ಲಿ ಹೀರೋ ಮೈಗೆ ಕೂಸಿನ ತಲೆ! ಕೇಕಿನ ಮೇಲೂ ಸುತ್ತಿಗೆ. ಇನ್ನು ನಮ್ಮ ಕಥಾನಾಯಕನ ವೇಷ ಕೇಳಿ. ಕೋಟು, ಕಪ್ಪು ಕನ್ನಡಕ, ಕಾಡಿಗೆಯಲ್ಲಿ ಬರೆದ ಗಡ್ಡ, ಕೈಗೆ ಪ್ಲಾಸ್ಟಿಕ್ ಸುತ್ತಿಗೆ. ನಡಿಗೆಯೇ ಇನ್ನೂ ಸರಿಯಾಗಿ ಬಾರದ ಪುಟಾಣಿಗೆ ಸ್ಲೋ ಮೋಷನ್ ಎಂಟ್ರಿ ಬೇರೆ!

ಆಂಕರ್ ಮೈಕಿನಲ್ಲಿ ಕೂಗಿದ. ಮ್ಯೂಸಿಕ್ ಗುಡುಗಿತು. ಎರಡೂ ಕಡೆಯಿಂದ ಹೊಗೆ ಬಿಟ್ಟರು. ಮೇಲಿಂದ ಕಿಡಿ ಸುರಿಸಿದರು. ನಮ್ಮ ರಾಕಿ ಭಾಯ್ ಒಂದು ಕ್ಷಣ ಸುತ್ತಲೂ ನೋಡಿದ. ಸುತ್ತಿಗೆ ಬಿಸಾಕಿದ. ಹಾಲಿನ ಹೆಂಚು ಹಾರುವ ಹಾಗೆ ಚೀರಿದ! ಫೋಟೋಗ್ರಾಫರ್ ಬಿಡಬೇಕಲ್ಲ? "ಒನ್ ಮೋರ್ ಸಾರ್" ಅಂದ. ಹೀಗೆ ಮೂರು ಟೇಕು. ಮೂರನೇ ಟೇಕಿನ ಹೊತ್ತಿಗೆ ಕಣ್ಣೀರಿಗೆ ಗಡ್ಡವೆಲ್ಲ ಕರಗಿ ಕೊರಳಿಗೆ ಬಂದಿತ್ತು.

ಜನ ನಕ್ಕರು, ನಾನೂ ನಕ್ಕೆ. ಊಟಕ್ಕೆ ಹೊರಟವನು ಸ್ಟೋರ್ ರೂಮಿನ ಕಡೆ ನೋಡಿದರೆ ಕೂಸಿನ ತಾಯಿ ತಟ್ಟೆಗಳ ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಅದಕ್ಕೆ ಮೊಸರನ್ನ ತಿನ್ನಿಸುತ್ತಿದ್ದಳು. ಹೊಸ ರೇಷ್ಮೆ ಸೀರೆಯ ಹೆಗಲ ತುಂಬ ಕಾಡಿಗೆ.

"ಊಟ ಆಯ್ತೇನಮ್ಮಾ?" ಅಂದೆ.

"ಇವ್ನು ಮನಿಕೊಳ್ಳಲಿ ಅಣ್ಣ, ಆಮೇಲೆ" ಅಂದಳು. ಸ್ವಲ್ಪ ಹೊತ್ತು ಬಿಟ್ಟು ತಾನೇ ನಕ್ಕು, "ಒಂದೇ ಸಮ ನಾಲ್ಕು ಗಂಟೆ ನಿದ್ದೆ ಮಾಡಿ ಎರಡು ವರ್ಷ ಆಯ್ತು ಕಣಣ್ಣ. ಇವತ್ತು ನನಗೂ ಹುಟ್ಟಿದಬ್ಬಾನೇ ಅಲ್ವಾ? ನಾನು ತಾಯಿ ಆಗೂ ಎರಡೇ ವರ್ಷ. ಯಾರಾದ್ರೂ ಒಂದು ಮಾತಂದ್ರಾ ನೋಡಿ" ಎಂದಳು.

ನನಗೆ ಆ ಫ್ಲೆಕ್ಸು ಜ್ಞಾಪಕ ಬಂತು. ಎದ್ದು ಹೋಗಿ ಇನ್ನೊಂದು ಸಲ ನೋಡಿದೆ. ಹೀರೋ ಇದ್ದಾನೆ, ಕೂಸಿದೆ, ಅಪ್ಪ ಇದ್ದಾನೆ, ಕೆಳಗೆ ಶುಭ ಕೋರುವ ಹದಿನಾಲ್ಕು ಗೆಳೆಯರ ಮುಖಗಳಿವೆ. ತಾಯಿ ಇಲ್ಲ!

ಅಭಿಮಾನಿ ಮಿತ್ರರೇ, 'ಕೆಜಿಎಫ್' ಕಥೆಯ ಬೇರು ಯಾವುದು ಹೇಳಿ? ಚಿನ್ನವೇ? ಸುತ್ತಿಗೆಯೇ? ಬಡತನದಲ್ಲಿ ಕಣ್ಣು ಮುಚ್ಚಿದ ತಾಯಿಗೆ ಮಗ ಕೊಟ್ಟ ಮಾತು. ಅರ್ಚನಾ ಜೋಯಿಸ್ ಮಾಡಿದ ಆ ಪಾತ್ರ ತೆಗೆದುಬಿಡಿ, ರಾಕಿ ಭಾಯ್ ಬರೀ ಒಬ್ಬ ರೌಡಿ. 2005ರ 'ಜೋಗಿ'ಯಲ್ಲಿ ಅರುಂಧತಿ ನಾಗ್ ಮಗನನ್ನು ಹುಡುಕಿಕೊಂಡು ಅಲೆದಾಗ ಗಾಂಧಿ ಕ್ಲಾಸಿನಿಂದ ಬಾಲ್ಕನಿವರೆಗೆ ಅಳದ ಗಂಡಸಿದ್ದನೇ? ಪರದೆಯ ಮೇಲಿನ ತಾಯಿಗೆ ಕರ್ಚೀಫು ಒದ್ದೆ ಮಾಡುವ ನಮಗೆ ಸ್ಟೋರ್ ರೂಮಿನಲ್ಲಿ ಕೂತ ತಾಯಿ ಕಾಣುವುದಿಲ್ಲ. ಇದು ಯಾವ ಸೀಮೆ ಸೆಂಟಿಮೆಂಟು?

ಲೆಕ್ಕ ಪಕ್ಕಾ

ಮಾರನೇ ದಿನ ಗೆಳೆಯನ ಅಂಗಡಿಗೆ ಹೋದೆ. ಖರ್ಚೆಷ್ಟಾಯಿತು ಅಂತ ಕೇಳಿದೆ. ಹೆಮ್ಮೆಯಿಂದಲೇ ಹೇಳಿದ. ಹಾಲು 20,000. ಡೆಕೋರೇಷನ್ 35,000. ಫೋಟೋ ವಿಡಿಯೋ 18,000. ಇನ್ನೂರೈವತ್ತು ಜನರ ಊಟ 40,000. ಕೇಕು 4,500. ಬಂದ ಮಕ್ಕಳಿಗೆ ರಿಟರ್ನ್ ಗಿಫ್ಟು 7,500. ಒಟ್ಟು 1,25,000 ರೂಪಾಯಿ. ಚೀಟಿ ಎತ್ತಿದ ದುಡ್ಡು.

"ಇದರಲ್ಲಿ ನಿನ್ನ ಹೆಂಡ್ತಿಗೆ ಏನು ಬಂತು?" ಅಂದೆ.

"ಸೀರೆ ತಂದ್ಕೊಟ್ಟೆ ಕಣ್ಲಾ!" ಅಂದ. ಆಮೇಲೆ ತಲೆ ಕೆರೆದುಕೊಂಡು, "ಎರಡು ದಿವ್ಸ ಮಡಿಕೇರಿಗೆ ಹೋಗ್ಬರಣ, ನಾವಿಬ್ರೇ ಅಂತ ಆರು ತಿಂಗಳಿಂದ ಕೇಳ್ತಾವಳೆ. ದುಡ್ಡು ಬ್ಯಾಡ್ವಾ? ಅದೂ ಅಲ್ದೆ ಮಗೀನ ಬಿಟ್ಟು ಶೋಕಿಗೆ ಹೋದ್ರು ಅಂತ ಜನ ಆಡ್ಕೊಳಲ್ವಾ?" ಅಂದ.

ನೋಡಿದಿರಾ! ಜನರಿಗೆ ತೋರಿಸಲು ಒಂದೂಕಾಲು ಲಕ್ಷ ಸಿಗುತ್ತದೆ. ಹೆಂಡತಿಯ ನಿದ್ದೆಗೆ ದುಡ್ಡಿಲ್ಲ. ಅದಕ್ಕೂ ಜನರದೇ ಅಡ್ಡಿ.

ಮಡಿಕೇರಿ ಅಂದ ಕೂಡಲೇ ನನಗೆ ಇನ್ನೊಂದು ಸಿನಿಮಾ ಕಣ್ಣ ಮುಂದೆ ಬಂತು. ಹಳೆಯದು. ನಿಮ್ಮ ಅಮ್ಮ, ಅಜ್ಜಿ ನೋಡಿರುತ್ತಾರೆ.

ಕಲ್ಪನಾ ಹೇಳಿಹೋದದ್ದು

1971ರ 'ಶರಪಂಜರ'. ಪುಟ್ಟಣ್ಣ ಕಣಗಾಲರ ನಿರ್ದೇಶನ, ತ್ರಿವೇಣಿಯವರ ಕಾದಂಬರಿ. ಕಾವೇರಿಯಾಗಿ ಮಿನುಗುತಾರೆ ಕಲ್ಪನಾ, ಗಂಡನಾಗಿ ಗಂಗಾಧರ್. ಆ ಸಿನಿಮಾ ಅಂದರೆ ಇವತ್ತಿಗೂ ಜನ ಹೇಳುವುದು ಕೊಡಗಿನ ಬೆಟ್ಟದಲ್ಲಿ ತೆಗೆದ ಹಾಡನ್ನು. ಮಂಜು, ಹಸಿರು, ನಗುವ ಕಲ್ಪನಾ. ಹಾಡು ನೆನಪಿದೆ, ಕಥೆ ಮರೆತಿದ್ದೇವೆ.

ಕಥೆ ಏನು? ಎರಡನೇ ಹೆರಿಗೆಯಾದ ಮೇಲೆ ಕಾವೇರಿಯ ಮನಸ್ಸು ಕದಡುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ. ವಾಸಿಯಾಗಿ ಮನೆಗೆ ಬರುತ್ತಾಳೆ. ಕಾಯಿಲೆ ಅವಳನ್ನು ಬಿಟ್ಟಿತು, ಆದರೆ ಜನ ಬಿಡಲಿಲ್ಲ. ಹುಚ್ಚಿ ಅನ್ನುವ ಹಾಗೇ ನೋಡಿದರು. ಗಂಡನ ಮನಸ್ಸೂ ಬೇರೆ ಕಡೆ ಹೊರಳಿತ್ತು. ಕೊನೆಗೆ ಕಾವೇರಿ ಮತ್ತೆ ಆಸ್ಪತ್ರೆಗೇ! ಅವಳನ್ನು ಕೆಡವಿದ್ದು ಕಾಯಿಲೆ ಮಾತ್ರ ಅಲ್ಲ, ಮನೆಯೊಳಗಿನ ಒಂಟಿತನ. ಅದನ್ನು ಬರೆದ ತ್ರಿವೇಣಿಯವರು ಹೆರಿಗೆಯಾದ ಕೆಲವೇ ದಿನಗಳಲ್ಲಿ, 1963ರಲ್ಲಿ ತೀರಿಕೊಂಡರು. ಸಿನಿಮಾ ನೋಡಲು ಅವರಿರಲಿಲ್ಲ.

ಹಳ್ಳಿಯಲ್ಲಿ ಇದಕ್ಕೆ 'ಬಾಣಂತಿ ಸನ್ನಿ' ಅಂತಾರೆ. ಗಾಳಿ, ದೆವ್ವ ಅಂತ ಯಂತ್ರ ಕಟ್ಟಿಸಿದವರೂ ಉಂಟು. ಗಾಳಿಯೂ ಅಲ್ಲ, ದೆವ್ವವೂ ಅಲ್ಲ, ಔಷಧ ಇರುವ ಕಾಯಿಲೆ. ಅಷ್ಟು ಜೋರಾಗಿ ಬರುವುದು ಅಪರೂಪ. ಆದರೆ ಮಂಕು, ಸುಮ್ಮಸುಮ್ಮನೆ ಅಳು, ಯಾವುದರಲ್ಲೂ ಮನಸ್ಸಿಲ್ಲದ್ದು, ಮಗು ಮಲಗಿದರೂ ತನಗೆ ನಿದ್ದೆ ಬಾರದ್ದು... ಇದು ಅಪರೂಪವಲ್ಲ. ಹೆರಿಗೆಯಾದ ನೂರು ಹೆಂಗಸರಲ್ಲಿ ಸುಮಾರು 13 ಮಂದಿಗೆ ಮನಸ್ಸಿನ ತೊಂದರೆ ಕಾಣುತ್ತದೆ, ನಮ್ಮಂಥ ದೇಶಗಳಲ್ಲಿ ಅದು 20ರ ಹತ್ತಿರ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ನಿಮ್ಮ ಬೀದಿಯಲ್ಲೇ ಒಬ್ಬ ಕಾವೇರಿ ಇರಬಹುದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಕೂಸನ್ನೂ ಜೊತೆಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡು 2009ರಿಂದ ಇದೆ. ಮನೆಯಿಂದಲೇ ಕೇಳಬೇಕಾದರೆ 2022ರಲ್ಲಿ ಶುರುವಾದ ಟೆಲಿ ಮಾನಸ್ ಇದೆ. ನಂಬರು 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಈ ನಂಬರನ್ನು ಸೇವ್ ಮಾಡಿಕೊಳ್ಳಿ. ಟಿಕೆಟ್ ಬುಕಿಂಗ್ ನಂಬರಿಗಿಂತ ಮುಖ್ಯ.

ಗೆಳೆಯನ ಹೆಂಡತಿಗೆ ಕಾಯಿಲೆ ಅಂತ ನಾನು ಹೇಳುತ್ತಿಲ್ಲ. ಅವಳಿಗೆ ಆಗಿದ್ದು ದಣಿವು. ಕಾಯಿಲೆಗೆ ಡಾಕ್ಟರು ಬೇಕು, ಮಡಿಕೇರಿ ಸಾಲದು. ಆದರೆ ದಣಿವಿಗೆ ಡಾಕ್ಟರು ಬೇಕಿಲ್ಲ, ಗಂಡ ಸಾಕು. ಅವನು ಕಣ್ಣು ಬಿಟ್ಟು ನೋಡಬೇಕು ಅಷ್ಟೆ.

ಶೋಕಿ ಅಲ್ಲ, ತವರು

'ಮಗು ಬಿಟ್ಟು ಗಂಡ ಹೆಂಡತಿ ಟೂರ್ ಹೋಗೋದು ಫಾರಿನ್ ಚಾಳಿ' ಅನ್ನುವ ಹಿರಿಯರಿಗೆ ಒಂದು ಮಾತು. ಬಾಣಂತಿಯನ್ನು ತವರಿಗೆ ಕಳಿಸಿ ಮೂರು ತಿಂಗಳು, ಐದು ತಿಂಗಳು ಇರಿಸಿಕೊಳ್ಳುತ್ತಿದ್ದವರು ಯಾರು? ನೀವೇ ಅಲ್ಲವೇ? ಬಿಸಿನೀರು ಹುಯ್ಯಲು ಒಬ್ಬರು, ಕೂಸು ಎತ್ತಲು ಒಬ್ಬರು, ಪಥ್ಯದ ಅಡುಗೆಗೆ ಒಬ್ಬರು. ಅವಳ ಕೆಲಸ ಒಂದೇ, ಮಲಗೋದು. ಗೌರಿ ಹಬ್ಬಕ್ಕೆ ಅಣ್ಣ ಬಂದು ಕರೆದುಕೊಂಡು ಹೋಗುತ್ತಿದ್ದದ್ದೂ ಅದಕ್ಕೇ. ಹೆಣ್ಣಿಗೆ ಬಿಡುವು ಬೇಕು ಅನ್ನೋದು ನಮ್ಮ ಅಜ್ಜಿಯರಿಗೆ ಚೆನ್ನಾಗಿ ಗೊತ್ತಿತ್ತು. ಈಗ ಎಷ್ಟೋ ತವರಿನಲ್ಲಿ ಅಮ್ಮನೂ ಕೆಲಸಕ್ಕೆ ಹೋಗುತ್ತಾಳೆ, ಅಣ್ಣ ಬೆಂಗಳೂರಿನ ಬಾಡಿಗೆ ಮನೆಯಲ್ಲಿರುತ್ತಾನೆ. ಆ ತವರನ್ನು ಈಗ ಗಂಡನೇ ಕಟ್ಟಿಕೊಡಬೇಕು. ಎರಡು ದಿನದ ಮಟ್ಟಿಗಾದರೂ.

ಇಷ್ಟನ್ನೂ ಗೆಳೆಯನಿಗೆ ಹೇಳಿದೆ. ಅವನು ಒಪ್ಪಿದ್ದು ನನ್ನ ಭಾಷಣಕ್ಕಲ್ಲ, ಅವರಮ್ಮನ ಮಾತಿಗೆ. "ನಿನ್ನ ಸಾಕ್ಲಿಲ್ವೇನ್ಲಾ ನಾನು? ನಿನ್ನ ಮಗೀನ ಎರಡು ದಿನ ನೋಡ್ಕೊಳಕಾಗಲ್ವಾ? ಹೋಗ್ಬನ್ನಿ. ಅವಳ ಮಕ ನೋಡು, ಬಾಡೋಗದೆ" ಅಂದರಂತೆ ಆ ಮಹಾತಾಯಿ. ಪಕ್ಕದ ಮನೆಯವರು ಮೂತಿ ತಿರುವಿದರು. ತಿರುವಲಿ ಬಿಡಿ.

ಶನಿವಾರ ಬೆಳಿಗ್ಗೆ ಬಸ್ಸು. ಮೈಸೂರು, ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ ಮಡಿಕೇರಿ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಕೆಂಪು ಬಸ್ಸಿನ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲವಲ್ಲ, ಅರ್ಧ ಖರ್ಚು ಅಲ್ಲೇ ಉಳಿಯಿತು. ಹೋಂಸ್ಟೇ, ಊಟ, ಬಸ್ಸು ಎಲ್ಲ ಸೇರಿ 8,400 ರೂಪಾಯಿ. ಥರ್ಮಾಕೋಲು ಬಲೂನಿನ ಡೆಕೋರೇಷನ್ನಿನ ಕಾಲು ಭಾಗವೂ ಆಗಲಿಲ್ಲ.

ವಾಪಸು ಬಂದವನನ್ನು ಏನೇನು ನೋಡಿದೆ ಅಂತ ಕೇಳಿದೆ.

"ಏನೂ ನೋಡ್ನಿಲ್ಲ ಕಣ್ಲಾ" ಅಂದ. "ಅಬ್ಬಿ ಫಾಲ್ಸೂ ಇಲ್ಲ, ಕೋಟೆನೂ ಇಲ್ಲ. ಮೊದಲ್ನೇ ದಿನ ಏಳು ಸಲ ಮನೆಗೆ ಫೋನ್ ಮಾಡಿದ್ಲು. ರಾತ್ರಿ ಅವನು ಅರ್ಧ ಗಂಟೆ ಅತ್ತನಂತೆ, ಆಮೇಲೆ ಅಜ್ಜಿ ಪಕ್ಕ ಮನಿಕೊಂಡ ಅಂದ್ರು. ಅದನ್ನ ಕೇಳಿ ಇವಳೂ ಮಲಗಿದ್ಲು ನೋಡು, ಬೆಳಿಗ್ಗೆ ಹನ್ನೊಂದು ಗಂಟೆ! ನಾನು ಸುಮ್ನೆ ಬಾಗ್ಲಲ್ಲಿ ಕೂತಿದ್ದೆ. ಸಂಜೆ ರಾಜಾಸೀಟಿಗೆ ಹೋದ್ವಿ. ಎರಡು ಗಂಟೆ ಮಾತಾಡಿದ್ಲು. ಡೈಪರು, ಹಾಲಿನ ಪ್ಯಾಕೆಟ್ಟು ಬಿಟ್ಟು ಬೇರೆ ಮಾತು ಅವಳ ಬಾಯಲ್ಲಿ ಕೇಳಿ ಎಷ್ಟು ದಿನ ಆಗಿತ್ತು ಅಂದ್ರೆ... ಮರ್ತೇ ಹೋಗಿತ್ತು ಕಣ್ಲಾ ನಂಗೆ."

ಆ ಒಂಬತ್ತು ಸಲದ ಸಿನಿಮಾ ಪ್ರೇಮಿ ಇಷ್ಟು ಉದ್ದದ ಡೈಲಾಗು ಹೊಡೆದದ್ದು ಅದೇ ಮೊದಲು.

ಥೀಮ್ ಮಾಡಬೇಡಿ ಅನ್ನುವ ಸನ್ಯಾಸಿ ನಾನಲ್ಲ. ಕೇಕು ಕತ್ತರಿಸಿ, ಹೀರೋ ಹಾಡು ಹಾಕಿ, ಕುಣಿಯಿರಿ. ಆದರೆ ಹೊಗೆ ಯಂತ್ರ ಬೇಡ, ಮೂರು ಟೇಕು ಬೇಡ. ಎರಡು ವರ್ಷದ ಕೂಸಿಗೆ ಈ ಸೆಟ್ಟು ಯಾವುದೂ ನೆನಪಿರುವುದಿಲ್ಲ. ಹೆದರಿದ್ದು ಮಾತ್ರ ಅದಕ್ಕೆ ಸಾಕಾಗುತ್ತದೆ. ಬಲೂನಿನ ದುಡ್ಡಿನಲ್ಲಿ ಅರ್ಧ ತೆಗೆದಿಟ್ಟು ತಾಯಿಗೆ ಎರಡು ದಿನ ಕೊಡಿ. ಎದೆಹಾಲು ಕುಡಿಯುವ ಕೂಸಾದರೆ ಜೊತೆಗೇ ಕರೆದುಕೊಂಡು ಹೋಗಿ, ಎತ್ತಿಕೊಂಡು ಅಡ್ಡಾಡುವ ಕೆಲಸ ನಿಮ್ಮದು. ಮಡಿಕೇರಿ ದೂರವಾದರೆ ಅವಳ ತವರಿಗೆ ಬಿಟ್ಟು ಬನ್ನಿ. ಅದೂ ಆಗದಿದ್ದರೆ ಭಾನುವಾರ ಮಗು ಎತ್ತಿಕೊಂಡು ನೀವು ಹೊರಗೆ ನಡೆಯಿರಿ, ಬಾಗಿಲು ಮುಂದಕ್ಕೆ ಎಳೆದುಕೊಳ್ಳಿ, ಅವಳು ಮಲಗಲಿ.

ಮುಂದಿನ ಹುಟ್ಟುಹಬ್ಬಕ್ಕೆ ಫ್ಲೆಕ್ಸು ಹಾಕಿಸುವವರು ಗಮನಿಸಿ. ಹದಿನಾಲ್ಕು ಗೆಳೆಯರ ಮುಖದಲ್ಲಿ ಒಂದನ್ನು ತೆಗೆದು ಆ ತಾಯಿಯ ಮುಖ ಹಾಕಿ. ತೆಗೆಯುವ ಮುಖ ನನ್ನದೇ ಆದರೂ ಬೇಜಾರಿಲ್ಲ. ಏನಂತೀರಿ?