ಬೆಕ್ಕಿನ ಮೈ, ಮನೆಯವರ ಆರೋಗ್ಯ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಬೆಕ್ಕಿನ ಕಿವಿಯ ಹಿಂದೆ ನಾಲ್ಕಾಣೆಯಗಲ ಕೂದಲು ಉದುರಿತು. ಅದು ಸಹಜವೆಂದು ನಾನು ಉಪೇಕ್ಷಿಸಿದೆ. ಎರಡು ವಾರಗಳ ತರುವಾಯ ಮೊಮ್ಮಗಳ ಮುಂಗೈಯಲ್ಲಿ ಉಂಗುರದಂತಹ ಕೆಂಪು ಗುರುತು ಕಾಣಿಸಿತು. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಮುಲಾಮನ್ನು ಮಗುವಿಗೂ ಬೆಕ್ಕಿಗೂ ಹಚ್ಚಿದವನು ನಾನೇ. ತುರಿಕೆ ನಾಲ್ಕು ದಿನ ತಗ್ಗಿತು. ಅನಂತರ ಉಂಗುರ ಹರಡಿತು. ಮೂರು ದಶಕಗಳ ಕಾಲ ಕಡತಗಳಲ್ಲಿ ‘ತಜ್ಞರ ಅಭಿಪ್ರಾಯ ಪಡೆಯತಕ್ಕದ್ದು’ ಎಂದು ಷರಾ ಬರೆದವನು ಸ್ವಂತ ಮನೆಯಲ್ಲಿ ಅದನ್ನು ಮರೆತಿದ್ದೆ.

ಪಶುವೈದ್ಯರು ಕೂದಲನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಅದು ಹುಳುಕಡ್ಡಿ ಎಂದರು. ಹೆಸರಿನಲ್ಲಿ ಹುಳುವಿದ್ದರೂ ಕಾರಣ ಶಿಲೀಂಧ್ರ. ಬೆಕ್ಕುಗಳಲ್ಲಿ ಬಹುಪಾಲು ಮೈಕ್ರೋಸ್ಪೋರಮ್ ಕ್ಯಾನಿಸ್. ಉದುರಿದ ಕೂದಲಿನಲ್ಲಿ ಇದರ ಬೀಜಕಣಗಳು ತಿಂಗಳುಗಟ್ಟಲೆ ಉಳಿಯಬಲ್ಲವು. ನಾನು ಹಚ್ಚಿದ ಮುಲಾಮಿನಲ್ಲಿ ಸ್ಟೀರಾಯ್ಡ್ ಇತ್ತು. ಅದು ಉರಿಯೂತವನ್ನು ಮರೆಮಾಚಿ ಶಿಲೀಂಧ್ರಕ್ಕೆ ಅನುಕೂಲ ಮಾಡಿಕೊಟ್ಟಿತು. ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರವು 2018ರಲ್ಲಿಯೇ ಅಧಿಸೂಚನೆ ಹೊರಡಿಸಿದೆ. ನನಗೆ ಚೀಟಿ ಕೇಳಿದವರಿಲ್ಲ, ನಾನೂ ತೋರಿಸಲಿಲ್ಲ.

ಕೂದಲು ಉದುರುವುದಕ್ಕೆಲ್ಲ ಹುಳುಕಡ್ಡಿಯೇ ಕಾರಣವಲ್ಲ. ಚಿಗಟ, ನುಸಿ, ಆಹಾರದ ಅಲರ್ಜಿ, ಆತಂಕದಿಂದ ಮೈ ನೆಕ್ಕಿಕೊಳ್ಳುವ ಚಟ, ಇವೂ ಕಾರಣಗಳೇ. ಊಹೆಯ ಚಿಕಿತ್ಸೆ ಆದ್ದರಿಂದಲೇ ಅಪಾಯಕರ. ನಾಯಿಗಳ ಚಿಗಟ ನಿವಾರಣೆಗೆ ಬಳಸುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ನಡುಕ, ಸೆಳವು, ಸಾವು ಕೂಡ ಸಂಭವಿಸಬಹುದು.

ನಮ್ಮ ಅವಸ್ಥೆ ಕಂಡ ಬಂಧುಗಳು, ‘ಬೆಕ್ಕನ್ನು ಮಾರುಕಟ್ಟೆಯ ಬಳಿ ಬಿಟ್ಟು ಬನ್ನಿ’ ಎಂದರು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳುವುದಾದರೆ, ಇದು ವೆಚ್ಚವನ್ನು ಇಲ್ಲವಾಗಿಸುವುದಲ್ಲ, ಅನ್ಯರ ಖಾತೆಗೆ ವರ್ಗಾಯಿಸುವುದು. ಸೋಂಕು ಅಲ್ಲಿನ ಬೆಕ್ಕುಗಳಿಗೂ, ಅವುಗಳನ್ನು ಎತ್ತಿ ಮುದ್ದಿಸುವ ಬಡ ಮಕ್ಕಳಿಗೂ ತಗಲುತ್ತದೆ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಗೆ ಗುರಿಯಾಗುವಂತೆ ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಅಪರಾಧವೂ ಹೌದು.

ಒಬ್ಬರ ಮನೆಯ ಕಾಯಿಲೆ ನೆರೆಯವರನ್ನು ಬಾಧಿಸುವಂತಿದ್ದರೆ ಅದು ಕೇವಲ ಖಾಸಗಿ ವಿಷಯವಾಗಿ ಉಳಿಯದು. ಆದರೆ ಆಡಳಿತದ ದೃಷ್ಟಿಯಲ್ಲಿ ಬೆಕ್ಕು ಇದ್ದೂ ಇಲ್ಲದಂತಿದೆ. 2019ರ 20ನೇ ಜಾನುವಾರು ಗಣತಿಯಲ್ಲಿ ನಾಯಿ, ಮೊಲ, ಆನೆಗಳಿಗೂ ಸ್ಥಾನವಿತ್ತು, ಬೆಕ್ಕಿಗಿರಲಿಲ್ಲ. ಲೆಕ್ಕಕ್ಕಿಲ್ಲದ್ದು ಅಂದಾಜುಪಟ್ಟಿಗೂ ಬಾರದೆಂಬುದು ಸರ್ಕಾರಿ ಸೇವೆಯಲ್ಲಿ ನಾನು ಕಲಿತ ಪಾಠ.

ಆಗಬೇಕಾದ ಕೆಲಸ ದುಬಾರಿಯದಲ್ಲ. ಗಣತಿಯಲ್ಲಿ ಬೆಕ್ಕಿಗೊಂದು ಅಂಕಣವಿರಲಿ. ನಗರದ ಸರ್ಕಾರಿ ಪಶುಚಿಕಿತ್ಸಾಲಯಗಳಲ್ಲಿ ಚರ್ಮದ ಸರಳ ಪರೀಕ್ಷೆ ನಿತ್ಯವೂ ದೊರೆಯಲಿ. ಮುಲಾಮು ಮಾರಾಟದ ನಿಯಮ ಕಾಗದದಿಂದ ಅಂಗಡಿಗೆ ಇಳಿಯಲಿ. ಮಕ್ಕಳ ಚರ್ಮರೋಗ ನೋಡುವ ವೈದ್ಯರು ‘ಮನೆಯಲ್ಲಿ ಬೆಕ್ಕಿದೆಯೇ?’ ಎಂದು ಒಮ್ಮೆ ಕೇಳಲಿ.

ವಾರಗಟ್ಟಲೆ ಔಷಧಿ, ನಿತ್ಯ ನೆಲ ಒರೆಸುವಿಕೆ, ಹಾಸಿಗೆಬಟ್ಟೆಗಳ ಒಗೆತಗಳ ಬಳಿಕ ಇಬ್ಬರೂ ಗುಣಮುಖರಾದರು. ಬೆಕ್ಕಿನ ಕಿವಿಯ ಹಿಂದೆ ಕೂದಲು ಮರಳಿ ಬಂದಿದೆ. ಮೊಮ್ಮಗಳ ಮುಂಗೈಯಲ್ಲಿ ಮಾತ್ರ ಮಸುಕಾದ ಕಲೆಯೊಂದು ಉಳಿದಿದೆ. ಅದು ಬೆಕ್ಕಿನ ತಪ್ಪಿಗಿಂತ ಹೆಚ್ಚಾಗಿ ನನ್ನ ತಪ್ಪಿನ ಗುರುತು.