ತೂಕ ಏರಿದರೂ ರಕ್ತ ಕಡಿಮೆ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 17.2 ಮಂದಿಗೆ ಎತ್ತರಕ್ಕೆ ತಕ್ಕ ತೂಕವಿಲ್ಲ, ಶೇ. 30.1 ಮಂದಿಗೆ ಅತಿತೂಕ ಅಥವಾ ಬೊಜ್ಜು. 2015-16ರಲ್ಲಿ ಶೇ. 44.8 ಇದ್ದ ರಕ್ತಹೀನತೆ ಶೇ. 47.8ಕ್ಕೆ ಏರಿದೆ.

ಅನ್ನ, ಸಕ್ಕರೆ ಅಗ್ಗ; ಬೇಳೆ, ಮೊಟ್ಟೆ, ಮೀನು ದುಬಾರಿ. ಮನೆಮಂದಿಯೆಲ್ಲ ಉಂಡ ಮೇಲೆ ಎಷ್ಟೋ ತಾಯಂದಿರಿಗೆ ಉಳಿಯುವುದು ಅನ್ನ, ಸಾರು. ಹೊಟ್ಟೆ ತುಂಬುತ್ತದೆ, ಕಬ್ಬಿಣಾಂಶ ಸಿಗುವುದಿಲ್ಲ. ಆದ್ದರಿಂದ ದಪ್ಪಗಿರುವವರನ್ನು ಕಂಡು ‘ಉಂಡು ಸುಖವಾಗಿದ್ದಾರೆ’ ಎನ್ನಲಾಗದು.

ಅಕ್ಕಿ ಹಂಚಿದಲ್ಲಿಗೆ ನಮ್ಮ ಸೇವೆ ಮುಗಿಯಬಾರದು. ದಾನದ ಚೀಲದಲ್ಲಿ ಬೇಳೆಯೂ ಇರಲಿ. ಧರ್ಮಕೇಂದ್ರಗಳ ಸ್ತ್ರೀ ಸಂಘಟನೆಗಳು ಆರೋಗ್ಯ ಶಿಬಿರಗಳಲ್ಲಿ ತೂಕದೊಂದಿಗೆ ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಲಿ. ಬಲಿಪೂಜೆಯಲ್ಲಿ ಒಂದೇ ರೊಟ್ಟಿಯನ್ನು ಹಂಚಿಕೊಳ್ಳುವ ನಾವು, ಮನೆಯಲ್ಲಿ ತಾಯಿಗೆ ಕಡೆಯ ಪಾಲು ಇಡುವುದು ಸರಿಯೇ?