ಆರು ಗಂಟೆಯ ಹಕ್ಕಿ

ಕಳೆದ ಅಕ್ಟೋಬರಿನ ಮಾತು. ಚೆನ್ನೈನ ಓಎಂಆರ್ ರಸ್ತೆಯಲ್ಲಿರುವ ನಮ್ಮ ಕಚೇರಿಯಲ್ಲಿ ರಾತ್ರಿಯಿಡೀ ರಿಲೀಸ್ ಕೆಲಸ ನಡೆದಿತ್ತು. ಸಾಫ್ಟ್‌ವೇರಿನವರಿಗೆ ರಿಲೀಸ್ ರಾತ್ರಿ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಉಳಿದವರು ಮದುವೆ ಮನೆಯ ಹಿಂದಿನ ರಾತ್ರಿಯನ್ನು ನೆನಪಿಸಿಕೊಂಡರೆ ಸಾಕು. ಎಲ್ಲ ಮುಗಿದು, ಕಣ್ಣು ಉರಿಯುತ್ತಾ ಕೆಳಗಿಳಿದು ಬರುವಾಗ ಬೆಳಗಿನ ಆರು ಗಂಟೆ. ಬಾಗಿಲ ಪಕ್ಕದ ಗಾಜಿನ ಗೋಡೆಯ ಬುಡದಲ್ಲಿ ನಮ್ಮ ಸೆಕ್ಯುರಿಟಿ ಅಣ್ಣ ಕುಕ್ಕರುಗಾಲಲ್ಲಿ ಕೂತಿದ್ದರು. ಅವರ ಟೋಪಿ ನೆಲದ ಮೇಲಿತ್ತು, ಅದರ ಕೆಳಗೆ ಏನೋ ಇತ್ತು.

"ಸಾರ್, ಉಯಿರ್ ಇರುಕ್ಕು," ಎಂದರು. ಜೀವ ಇದೆ.

ಟೋಪಿ ಎತ್ತಿದರೆ ಒಂದು ಹಕ್ಕಿ. ಮೈನಾಕ್ಕಿಂತ ಚಿಕ್ಕದು, ದುಂಡಗೆ, ಬಾಲವನ್ನು ಯಾರೋ ಕತ್ತರಿಸಿಟ್ಟಂತೆ ಮೋಟು. ಬೆನ್ನು ಹಸಿರು, ಹೆಗಲಿನಲ್ಲಿ ಹೊಳೆಯುವ ನೀಲಿ, ಎದೆ ಕಡಲೆಹಿಟ್ಟಿನ ಬಣ್ಣ, ಕತ್ತು ಬಿಳಿ, ಕಣ್ಣಿಗೆ ದಪ್ಪಗೆ ಕಾಡಿಗೆ ತೀಡಿದ ಹಾಗೆ ಕಪ್ಪು ಪಟ್ಟಿ, ಬಾಲದಡಿ ಕುಂಕುಮ. ನಿದ್ದೆಗಣ್ಣಿನಲ್ಲೂ ನನಗೆ ಗುರುತು ಸಿಕ್ಕಿತು. ನವರಂಗ!

ಸಾಗರದ ಹತ್ತಿರ ನಮ್ಮ ಮನೆ. ಚಳಿಗಾಲವೆಂದರೆ ಅಡಿಕೆ ತೋಟದ ಅಂಚಿನಲ್ಲಿ ಒಣ ದರಕನ್ನು ಕೆದರುತ್ತಾ ಕುಪ್ಪಳಿಸುವ ಈ ಹಕ್ಕಿ ಇರಲೇಬೇಕು. ಇಷ್ಟು ಬಣ್ಣ ಹೊತ್ತುಕೊಂಡೂ ಅದು ಕೊಂಬೆಯ ತುದಿಯಲ್ಲಿ ಕೂತು ಮೆರೆಯುವುದಿಲ್ಲ. ನೆಲವೇ ಅದರ ಊರು. ಎಲೆ ಮಗುಚಿ ಹುಳ, ಎರೆಹುಳ ಹೆಕ್ಕುತ್ತಾ, ಮರದ ನೆರಳಲ್ಲಿ ಬೆನ್ನು ತಿರುಗಿಸಿ ನಿಂತರೆ ನಾಲ್ಕು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ಬೆಳಗಿನ ಹೊತ್ತು ಮತ್ತು ಸಂಜೆಗತ್ತಲಲ್ಲಿ ಎರಡು ಸ್ವರದ ಜೋರು ಸಿಳ್ಳೆ ಹಾಕಿದಾಗಲೇ ಇದೆ ಎಂದು ತಿಳಿಯುವುದು.

ಆ ಕ್ಷಣಕ್ಕೆ ಇದೆಲ್ಲ ನೆನಪಾಗಲಿಲ್ಲ ಬಿಡಿ. ಏನು ಮಾಡಬೇಕೆಂಬುದೇ ತೋಚಲಿಲ್ಲ. ಅಣ್ಣ ಬಾಟಲಿಯ ಮುಚ್ಚಳದಲ್ಲಿ ನೀರು ತಂದು ಕೊಕ್ಕಿಗೆ ಹಿಡಿಯಲು ಹೊರಟರು. ಹಕ್ಕಿ ನೋಡುವ ಹವ್ಯಾಸದ ಗೆಳೆಯನಿಗೆ ಫೋನ್ ಮಾಡಿದೆ. ನಿದ್ದೆಯಿಂದೆದ್ದ ಅವನು ಮೊದಲು ಹೇಳಿದ್ದು: "ನೀರು ಕುಡಿಸಬೇಡ. ಶ್ವಾಸಕೋಶಕ್ಕೆ ಹೋದರೆ ಅದೇ ಸಾಯಿಸುತ್ತದೆ. ಡಬ್ಬದಲ್ಲಿಡು, ಕತ್ತಲೆ ಮಾಡು, ಮುಟ್ಟಬೇಡ, ಇಣುಕಬೇಡ." ಪ್ರಿಂಟರ್ ಕಾಗದದ ರಟ್ಟಿನ ಡಬ್ಬಕ್ಕೆ ಪೆನ್ನಿನಿಂದ ತೂತು ಮಾಡಿ, ಒಳಗೆ ಟವೆಲ್ ಹಾಸಿ, ಹಕ್ಕಿಯನ್ನು ಇಟ್ಟೆವು. ಕೈಯಲ್ಲಿ ಹಿಡಿದಾಗ ತೂಕವೇ ಇಲ್ಲ. ಹೆಚ್ಚೆಂದರೆ ಐವತ್ತು-ಅರವತ್ತು ಗ್ರಾಂ. ಎದೆ ಮಾತ್ರ ಢವಢವ. ಅರಣ್ಯ ಇಲಾಖೆಗೂ ಫೋನ್ ಮಾಡಿದೆವು. ಒಂದೆರಡು ಗಂಟೆ ನೋಡಿ, ಚೇತರಿಸಿಕೊಳ್ಳದಿದ್ದರೆ ತನ್ನಿ ಎಂದರು.

ಆ ಎರಡು ಗಂಟೆ ಅಣ್ಣ ಮತ್ತು ನಾನು ಡಬ್ಬದ ಎರಡು ಬದಿಗೆ ಕೂತೆವು. ಅಲ್ಲೇ ಅವರು ಹೇಳಿದ್ದು: "ನಮ್ಮ ಕಡೆ ಇದಕ್ಕೆ ಆರುಮಣಿ ಕುರುವಿ ಅಂತಾರೆ ಸಾರ್." ಆರು ಗಂಟೆಯ ಹಕ್ಕಿ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಕೂಗುತ್ತದಲ್ಲ, ಅದಕ್ಕೆ. ನಾವು ಬಣ್ಣ ನೋಡಿ ಹೆಸರಿಟ್ಟೆವು, ತಮಿಳರು ಗಡಿಯಾರ ನೋಡಿ! ಶ್ರೀಲಂಕಾದ ಸಿಂಹಳೀಯರು ಕೂಗನ್ನೇ ಹಿಡಿದು 'ಅವಿಚ್ಚಿಯಾ' ಎನ್ನುತ್ತಾರೆ. ತನ್ನ ಉಡುಪನ್ನು ನವಿಲು ಕದ್ದುಕೊಂಡು ಹೋಯಿತೆಂದು ಇದು ಅಳುತ್ತದೆಂಬ ಕತೆ ಅವರದು. ಇಂಗ್ಲಿಷರ 'ಪಿಟ್ಟಾ' ಕೂಡ ಅವರದಲ್ಲ. ತೆಲುಗಿನಲ್ಲಿ ಪಿಟ್ಟ ಎಂದರೆ ಪುಟ್ಟ ಹಕ್ಕಿ, ಅಷ್ಟೇ. 1766ರಲ್ಲಿ ಲಿನೇಯಸ್ ಇದನ್ನು ಕಾಗೆಗಳ ಗುಂಪಿಗೆ ಸೇರಿಸಿ ಹೆಸರಿಟ್ಟಿದ್ದ ಎಂದರೆ ನಂಬುತ್ತೀರಾ?

ಹಕ್ಕಿ ಎಲ್ಲಿಂದ ಬಂದಿತ್ತು ಗೊತ್ತೆ? ನವರಂಗಗಳು ಮುಂಗಾರು ಕಾಲದಲ್ಲಿ ಹಿಮಾಲಯದ ತಪ್ಪಲಿನಲ್ಲಿ, ಮಧ್ಯ ಭಾರತದ ಕಾಡುಗಳಲ್ಲಿ, ಪಶ್ಚಿಮ ಘಟ್ಟದ ಕೆಲವೆಡೆ ಗೂಡು ಕಟ್ಟುತ್ತವೆ. ಮುಂಬೈ ಓದುಗರು ಜೂನಿನಲ್ಲಿ ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಬೆಳಿಗ್ಗೆ ಬೇಗ ಹೋದರೆ ಸಿಳ್ಳೆ ಕೇಳಬಹುದು. ಮಳೆ ಮುಗಿದಂತೆ ಅವು ದಕ್ಷಿಣಕ್ಕೆ ಹೊರಡುತ್ತವೆ: ಕರ್ನಾಟಕ, ಕೇರಳ, ತಮಿಳುನಾಡು, ಕೆಲವು ಸಮುದ್ರ ದಾಟಿ ಶ್ರೀಲಂಕಾ. ಪ್ರಯಾಣ ರಾತ್ರಿ ಹೊತ್ತು. ಚೆನ್ನೈನ ಗಿಂಡಿ ಕಾಡು, ಅಡ್ಯಾರಿನ ಥಿಯಾಸಾಫಿಕಲ್ ಸೊಸೈಟಿ ತೋಟ ಅವುಗಳ ತಂಗುದಾಣ. ದಣಿದು ಬಂದ ಹಕ್ಕಿ ಒಮ್ಮೊಮ್ಮೆ ಮನೆಯ ವರಾಂಡಕ್ಕೋ ಬಾಲ್ಕನಿಗೋ ಬಂದು ಬೀಳುವುದುಂಟು. ಕತ್ತಲಲ್ಲಿ ದಾರಿ ಹಿಡಿದು ಬರುವ ಹಕ್ಕಿಗೆ ನಮ್ಮ ದೀಪಗಳು ದಿಕ್ಕು ತಪ್ಪಿಸುತ್ತವೆ. ಬೆಳಗಾದ ಮೇಲೆ ಗಾಜಿನಲ್ಲಿ ಕಾಣುವ ಮರ ಅದಕ್ಕೆ ನಿಜವಾದ ಮರವೇ.

"ಹೋದ ವರ್ಷ ಎರಡು ಸತ್ತಿದ್ದವು ಸಾರ್," ಎಂದರು ಅಣ್ಣ. "ಬೇವಿನ ಮರದ ಬುಡದಲ್ಲಿ ಹೂತೆ."

"ಯಾರಿಗೂ ಹೇಳಲಿಲ್ವಾ?"

"ಯಾರಿಗೆ ಹೇಳೋದು?"

ಆರು ವರ್ಷದಿಂದ ಅದೇ ಗಾಜಿನ ಒಳಗೆ ಕೂತು ಕೆಲಸ ಮಾಡುವ ನನ್ನಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಎಂಟು ದಾಟಿದ ಮೇಲೆ ಡಬ್ಬದೊಳಗೆ ಪರಪರ ಸದ್ದು. ಹಿಂದುಗಡೆಯ ಹೊಂಗೆ ಮರಗಳ ನೆರಳಿಗೆ ಒಯ್ದು ಮುಚ್ಚಳ ತೆರೆದೆವು. ಹಕ್ಕಿ ಒಂದು ನಿಮಿಷ ಅಲ್ಲೇ ಕೂತಿತು. ಆಮೇಲೆ ಹೊರಗೆ ಕುಪ್ಪಳಿಸಿ, ಮೋಟು ಬಾಲ ಮೇಲೆ ಕೆಳಗೆ ಆಡಿಸಿ, ಒಂದು ಒಣಗಿದ ಎಲೆ ಮಗುಚಿ ನೋಡಿತು! ಸಾವಿನ ಬಾಗಿಲಿಗೆ ಹೋಗಿ ಬಂದ ಮೇಲೂ ಮೊದಲ ಯೋಚನೆ ತಿಂಡಿಯದ್ದೇ. ಮರುಕ್ಷಣ ಬೇಲಿಯಾಚೆ ಹಾರಿತು. ಅಣ್ಣ ಟೋಪಿ ಕೊಡವಿ ತಲೆಗಿಟ್ಟುಕೊಂಡರು.

ಮನೆಗೆ ಹೋದವನೇ ಅಮ್ಮನಿಗೆ ಫೋನ್ ಮಾಡಿದೆ. ಅಪ್ಪ ತೀರಿಕೊಂಡ ಮೇಲೆ ಊರಲ್ಲಿ ಒಬ್ಬಳೇ ಇದ್ದಾಳೆ. "ನಮ್ಮಲ್ಲಿ ಇನ್ನೂ ಬಂದಿಲ್ಲ ಮಾರಾಯ," ಎಂದಳು. ಪಕ್ಕದಲ್ಲಿ ನನ್ನ ಆರು ವರ್ಷದ ಮಗಳು, "ಅಜ್ಜಿ, ವಾಟ್ ಈಸ್ ನವರಂಗ?" ಎಂದು ಕೇಳಿದಳು. ಅಜ್ಜಿ ಉತ್ತರ ಕೊಡದೆ ಫೋನಿನಲ್ಲೇ ಸಿಳ್ಳೆ ಹಾಕಿದಳು. ಎಪ್ಪತ್ತರ ಅಮ್ಮ ಸಿಳ್ಳೆ ಹಾಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಪಿಟ್ಟಾಗಳು ಸೇರಿರುವ ಬಳಗದ ಹಕ್ಕಿಗಳಿಗೆ ಸಾಮಾನ್ಯವಾಗಿ ಕೂಗು ಹುಟ್ಟಿನಿಂದಲೇ ಬರುತ್ತದೆ, ಕೇಳಿ ಕಲಿಯಬೇಕಿಲ್ಲ ಎನ್ನುತ್ತಾರೆ ವಿಜ್ಞಾನಿಗಳು. ಎಲ್ಲಿಗೆ ವಲಸೆ ಹೋದರೂ ಅದರ ಮಾತು ಅದರ ಹತ್ತಿರವೇ. ನಮ್ಮ ಮಕ್ಕಳಿಗೆ ಆ ಭಾಗ್ಯವಿಲ್ಲ, ಯಾರಾದರೂ ಕೇಳಿಸಬೇಕು. ಈಗ ಪ್ರತಿ ಭಾನುವಾರ ಸಂಜೆ ಆರಕ್ಕೆ ಅಜ್ಜಿ-ಮೊಮ್ಮಗಳ ಫೋನು, ಪೂರ್ತಿ ಕನ್ನಡದಲ್ಲಿ. ನನಗೆ ಮಧ್ಯೆ ಬಾಯಿ ಹಾಕಲು ಅನುಮತಿ ಇಲ್ಲ.

ಕಚೇರಿಯ ಆಡಳಿತಕ್ಕೆ ಮೇಲ್ ಬರೆದೆ: ಸೆಪ್ಟೆಂಬರಿನಿಂದ ನವೆಂಬರಿನವರೆಗೆ ರಾತ್ರಿ ಬೇಡದ ದೀಪ ಆರಿಸಿ, ಗಾಜಿನ ಹೊರಮೈಗೆ ಎರಡೆರಡು ಅಂಗುಲಕ್ಕೊಂದು ಚುಕ್ಕೆ ಅಂಟಿಸಿ, ಹಕ್ಕಿಗೆ ಗಾಜು ಕಾಣುತ್ತದೆ ಎಂದು. "ಪರಿಶೀಲಿಸಲಾಗುವುದು" ಎಂಬ ಉತ್ತರ ಬಂದಿದೆ. ಚುಕ್ಕೆ ಇನ್ನೂ ಬಂದಿಲ್ಲ. ಆದರೆ ಅಣ್ಣ ರಾತ್ರಿ ಹನ್ನೊಂದಕ್ಕೆ ಲಾಬಿಯ ಅರ್ಧ ದೀಪ ಆರಿಸಿಬಿಡುತ್ತಾರೆ. ಯಾರೂ ಕೇಳಿಲ್ಲ. ಕೇಳಿದರೆ ನನ್ನ ಹೆಸರು ಹೇಳಿ ಎಂದಿದ್ದೇನೆ. ನೀವು ಪುಣೆಯಲ್ಲಿರಿ, ಹೈದರಾಬಾದಿನಲ್ಲಿರಿ, ನಿಮ್ಮ ಕಟ್ಟಡದ ಕಾವಲಿನವರನ್ನು ಒಮ್ಮೆ ವಿಚಾರಿಸಿ. ಬೆಳಿಗ್ಗೆ ಗಾಜಿನ ಬುಡದಲ್ಲಿ ಏನು ಬಿದ್ದಿರುತ್ತದೆಂದು ಗೊತ್ತಿರುವುದು ಅವರಿಗೇ.

ಎರಡು ವಾರದ ನಂತರ ಬೆಳಿಗ್ಗೆ ಆರೂಕಾಲಿಗೆ ಅಮ್ಮನ ಫೋನು. ಅಷ್ಟು ಹೊತ್ತಿಗೆ ಊರಿನ ಫೋನ್ ಬಂದರೆ ನಮಗೆಲ್ಲ ಎದೆ ಧಸಕ್ಕೆನ್ನುತ್ತದಲ್ಲ, ಹಾಗೇ ಆಯಿತು.

"ಬಂತು ಕಣೋ," ಎಂದಳು. "ದರಕು ಕೆದರ್ತಾ ಇದೆ. ನೀನು ಯಾವಾಗ ಬರ್ತೀಯ?"

ಅಂದೇ ಟಿಕೆಟ್ ಮಾಡಿಸಿದೆ.